ವೈದ್ಯನೂ ರೋಗಿಯೂ ಆಗಿದ್ದ ಡಾಕ್ಟರ್ ಲಾರೆನ್ಸ್

ಅತಿಯಾದರೆ ಅಮೃತವೂ ವಿಷವೆಂಬ ಮಾತನ್ನು ನಮ್ಮಲ್ಲಿ ಓದುಬರಹ ಬಾರದವರೂ ಬಲ್ಲರು. ಆದರೆ ಅಮೃತವು ಎಲ್ಲಿಗೆ ಮುಗಿಯಿತು, ವಿಷವು ಎಲ್ಲಿಂದ ಮೊದಲಾಯಿತು ಎಂಬುದನ್ನು ತೂಗಿ ಅಳೆದು ಹೇಳಬಲ್ಲವರು ವಿರಳ. ಅದನ್ನು ತನ್ನ ದೇಹದಲ್ಲಿಯೇ ಅನುಭವಿಸಿ, ಕಂಡದ್ದನ್ನು ಮುಚ್ಚಿಡದೆ ಬರೆದಿಟ್ಟು, ಲೋಕಕ್ಕೆಲ್ಲ ತಿಳಿಯುವಂತೆ ಮಾಡಿದವರು ಇನ್ನೂ ವಿರಳ. ಮಧುಮೇಹದ ಚಿಕಿತ್ಸೆಯ ಇತಿಹಾಸದಲ್ಲಿ ಅಂಥ ಹಿರಿಯ ಸ್ಥಾನವನ್ನು ಪಡೆದವನು ಸ್ಕಾಟ್ಲೆಂಡಿನ ವೈದ್ಯ ರಾಬರ್ಟ್ ಡೇನಿಯಲ್ ಲಾರೆನ್ಸ್. ಇನ್ಸುಲಿನ್ ಎಂಬ ಮದ್ದನ್ನು ಕಂಡುಹಿಡಿದ ಕೀರ್ತಿ ಕೆನಡಾ ದೇಶದ ಬ್ಯಾಂಟಿಂಗ್ ಮತ್ತು ಅವನ ಜೊತೆಗಾರರದು. ಆ ಮದ್ದಿನೊಡನೆ ಬಾಳುವುದು ಹೇಗೆ, ಅದು ಮುನಿದಾಗ ಗುರುತಿಸುವುದು ಹೇಗೆ ಎಂಬುದನ್ನು ಸಾಮಾನ್ಯ ರೋಗಿಗೆ ಕಲಿಸಿಕೊಟ್ಟವರ ಮುಂದಿನ ಸಾಲಿನಲ್ಲಿ ಲಾರೆನ್ಸನು ನಿಲ್ಲುತ್ತಾನೆ.

ಲಾರೆನ್ಸನು 1892ನೆಯ ಇಸವಿ ನವೆಂಬರ್ 18ರಂದು ಸ್ಕಾಟ್ಲೆಂಡಿನ ಅಬರ್ಡೀನ್ ನಗರದಲ್ಲಿ ಹುಟ್ಟಿದನು. ತಂದೆಯು ಬ್ರಷ್ಷುಗಳನ್ನು ತಯಾರಿಸುವ ಉದ್ಯಮಿ, ಅನುಕೂಲಸ್ಥ. ಹುಡುಗನಿಗೆ ಮೊದಲು ಒಲಿದದ್ದು ಸಾಹಿತ್ಯ. ಅಬರ್ಡೀನ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಮತ್ತು ಫ್ರೆಂಚ್ ಭಾಷೆಗಳನ್ನು ಓದಿ ಎಂ. ಎ. ಪದವಿ ಪಡೆದನು. ಅನಂತರ ಕೆಲಕಾಲ ಲಂಡನ್ನಿನಲ್ಲಿ ಬಂಧುವೊಬ್ಬನ ಬಟ್ಟೆಯ ಅಂಗಡಿಯಲ್ಲಿ ಕೆಲಸಕ್ಕೆ ನಿಂತನು. ಗಜಕಡ್ಡಿ ಹಿಡಿದು ಬಟ್ಟೆ ಅಳೆಯುವ ಬದುಕು ಅವನಿಗೆ ಹಿಡಿಸಲಿಲ್ಲ. ಕೆಲವೇ ವಾರಗಳಲ್ಲಿ ಅದನ್ನು ಬಿಟ್ಟು ತನ್ನ ವಿಶ್ವವಿದ್ಯಾಲಯಕ್ಕೇ ಹಿಂದಿರುಗಿ ವೈದ್ಯವಿದ್ಯೆಗೆ ಸೇರಿದನು. ಕಲೆಯ ವಿದ್ಯಾರ್ಥಿಯಾಗಿ ತೊಡಗಿದವನು ವಿಜ್ಞಾನದಲ್ಲಿ ಹಿಂದೆ ಬೀಳಲಿಲ್ಲವೆಂಬುದನ್ನು ನಮ್ಮಂಥ ಕಲಾ ಕಾಲೇಜಿನವರು ಗಮನಿಸತಕ್ಕದ್ದು. ಅಂಗರಚನಾಶಾಸ್ತ್ರ, ವೈದ್ಯ, ಶಸ್ತ್ರವೈದ್ಯ ಈ ವಿಷಯಗಳಲ್ಲಿ ಚಿನ್ನದ ಪದಕಗಳನ್ನು ಗಳಿಸಿದನು. ಹಾಕಿ, ಟೆನಿಸ್ ಆಟಗಳಲ್ಲಿ ವಿಶ್ವವಿದ್ಯಾಲಯದ ಪರವಾಗಿ ಆಡಿದನು. 1916ರಲ್ಲಿ ವೈದ್ಯ ಪದವಿ ಕೈಗೆ ಬಂದಿತು.

ಆಗ ಮೊದಲನೆಯ ಮಹಾಯುದ್ಧದ ಕಾಲ. ಹೊಸ ವೈದ್ಯನು ಸೈನ್ಯದ ವೈದ್ಯ ದಳವನ್ನು ಸೇರಿ ನಮ್ಮ ದೇಶದ ಗಡಿ ಪ್ರಾಂತಕ್ಕೇ ಬಂದನು. ಅಲ್ಲಿ ಆಮಶಂಕೆ ಹತ್ತಿ, ಸೇವೆಗೆ ನಿತ್ರಾಣನೆಂದು 1919ರಲ್ಲಿ ಊರಿಗೆ ಕಳುಹಿಸಲ್ಪಟ್ಟನು. ಚೇತರಿಸಿಕೊಂಡ ಮೇಲೆ ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯಲ್ಲಿ ಕೆಲಸ ದೊರೆಯಿತು; ಕಿವಿ, ಮೂಗು, ಗಂಟಲಿನ ಶಸ್ತ್ರವೈದ್ಯದ ಕಡೆ ಅವನ ಮನಸ್ಸು ತಿರುಗಿತು. ಮುಂದೆ ದೊಡ್ಡ ಶಸ್ತ್ರವೈದ್ಯನಾಗುವನೆಂದು ಬಲ್ಲವರು ಎಣಿಸಿದ್ದರು. ದೈವದ ಎಣಿಕೆ ಬೇರೆಯಾಗಿದ್ದಿತು.

1920ರಲ್ಲಿ ಒಂದು ದಿನ ಕಿವಿಯ ಹಿಂದಿನ ಎಲುಬಿನ ಶಸ್ತ್ರಕ್ರಿಯೆಯನ್ನು ಶವವೊಂದರ ಮೇಲೆ ಅಭ್ಯಾಸ ಮಾಡುತ್ತಿದ್ದಾಗ, ಉಳಿಯ ಏಟಿಗೆ ಎಲುಬಿನ ಚೂರೊಂದು ಸಿಡಿದು ಅವನ ಕಣ್ಣಿಗೆ ಬಡಿಯಿತು. ಕಣ್ಣು ಕೀವಾಗಿ ಬಾತಿತು. ಮಾಯಬೇಕಾದ ಗಾಯ ಮಾಯಲೊಲ್ಲದು. ಕಾರಣ ಹುಡುಕುತ್ತ ಮೂತ್ರವನ್ನು ಪರೀಕ್ಷಿಸಿದಾಗ ಅದರ ತುಂಬ ಸಕ್ಕರೆ! ಇಪ್ಪತ್ತೆಂಟರ ಹರೆಯದ ವೈದ್ಯನಿಗೆ ಮಧುಮೇಹ ಹತ್ತಿತ್ತು.

ಆ ಕಾಲದಲ್ಲಿ ಎಳೆಯರಿಗೆ ಈ ರೋಗ ಬಂದಿತೆಂದರೆ ಮರಣದಂಡನೆ ವಿಧಿಸಿದಂತೆಯೇ. ನಾವು ತಿಂದ ಅನ್ನ, ರೊಟ್ಟಿಗಳು ಹೊಟ್ಟೆಯಲ್ಲಿ ಸಕ್ಕರೆಯಾಗಿ ರಕ್ತವನ್ನು ಸೇರುತ್ತವೆ. ಆ ಸಕ್ಕರೆಯನ್ನು ಮಾಂಸಖಂಡಗಳು ಬಳಸಿಕೊಳ್ಳುವಂತೆ ಮಾಡುವ ರಸವೊಂದು ಮೇದೋಜೀರಕ ಗ್ರಂಥಿಯಲ್ಲಿ ಹುಟ್ಟುತ್ತದೆ. ಆ ರಸವೇ ಇನ್ಸುಲಿನ್. ಅದು ಬತ್ತಿದಾಗ ರಕ್ತದಲ್ಲಿ ಸಕ್ಕರೆಯ ಪ್ರವಾಹ, ಮೈಗೆ ಮಾತ್ರ ಉಪವಾಸ. ರೋಗಿಯು ಕೊಡಗಟ್ಟಲೆ ನೀರು ಕುಡಿಯುತ್ತಾನೆ, ಕ್ಷಣಕ್ಷಣಕ್ಕೂ ಮೂತ್ರಕ್ಕೆ ಹೋಗುತ್ತಾನೆ, ಮೂಳೆ ಚಕ್ಕಳವಾಗಿ ಕೊನೆಗೆ ಎಚ್ಚರ ತಪ್ಪಿ ಸಾಯುತ್ತಾನೆ. ವೈದ್ಯರ ಬಳಿ ಇದ್ದ ಉಪಾಯ ಒಂದೇ: ಅನ್ನವನ್ನು ಕಡಿದು, ಅರೆಹೊಟ್ಟೆಯಲ್ಲಿಟ್ಟು, ಸಾವನ್ನು ಒಂದಿಷ್ಟು ಮುಂದೂಡುವುದು. ಲಾರೆನ್ಸನಿಗೂ ಅಂಥ ಕಠಿಣ ಪಥ್ಯ ಪ್ರಾಪ್ತವಾಯಿತು. ಶಸ್ತ್ರವೈದ್ಯದ ಆಸೆ ಮುರಿಯಿತು. ಕಿಂಗ್ಸ್ ಕಾಲೇಜ್ ಆಸ್ಪತ್ರೆಯ ರಸಾಯನ ಪ್ರಯೋಗಶಾಲೆಯಲ್ಲಿ ಡಾಕ್ಟರ್ ಹ್ಯಾರಿಸನ್ನನ ಜೊತೆಗೆ ಕೆಲಸ ಮಾಡುತ್ತ ತನ್ನ ರೋಗವನ್ನೇ ಅಧ್ಯಯನದ ವಿಷಯವನ್ನಾಗಿ ಮಾಡಿಕೊಂಡನು.

ತನಗೆ ಉಳಿದಿರುವುದು ಕೆಲವೇ ವರ್ಷಗಳೆಂದು ಅವನಿಗೆ ಗೊತ್ತಿತ್ತು. ಮನೆಯವರ ಕಣ್ಣೆದುರು ನರಳುತ್ತ ಸಾಯುವುದು ಬೇಡವೆಂದು ಇಟಲಿಯ ಫ್ಲಾರೆನ್ಸ್ ನಗರಕ್ಕೆ ಹೋಗಿ, ಅಲ್ಲಿದ್ದ ಇಂಗ್ಲಿಷರ ನಡುವೆ ಸಣ್ಣದಾಗಿ ವೈದ್ಯವೃತ್ತಿ ನಡೆಸಿದನು. 1922ರ ಚಳಿಗಾಲದಲ್ಲಿ ಎದೆಗೆ ಕಫ ಕಟ್ಟಿ ಜ್ವರ ಬಂದು ರೋಗವು ಕೆರಳಿತು. ನರಗಳು ಸೋತು ಕಾಲುಗಳಲ್ಲಿ ಶಕ್ತಿ ಉಡುಗಿತು. ದಿನಗಳನ್ನು ಎಣಿಸುತ್ತಿರುವಾಗ 1923ರ ಮೇ ತಿಂಗಳಲ್ಲಿ ಹ್ಯಾರಿಸನ್ನನಿಂದ ಸಂದೇಶ ಬಂದಿತು. ಹೊಸ ಮದ್ದು ಕೈಸೇರಿದೆ, ಅದು ಫಲಕೊಡುತ್ತಿದೆ, ಕೂಡಲೇ ಹೊರಟು ಬರಬೇಕು ಎಂಬುದು ಅದರ ತಾತ್ಪರ್ಯ. ಕೈಕಾಲು ಸ್ವಾಧೀನವಿಲ್ಲದ ಆ ಸ್ಥಿತಿಯಲ್ಲಿಯೇ ಲಾರೆನ್ಸನು ಮೋಟಾರಿನಲ್ಲಿ ಯೂರೋಪ್ ಖಂಡವನ್ನು ದಾಟಿ ಮೇ 28ರಂದು ಲಂಡನ್ನಿನ ಆಸ್ಪತ್ರೆಯನ್ನು ಮುಟ್ಟಿದನು. ಮೂರು ದಿನಗಳ ತರುವಾಯ, ಮೇ 31ರಂದು, ಅವನ ಮೈಗೆ ಮೊದಲ ಇನ್ಸುಲಿನ್ ಚುಚ್ಚುಮದ್ದು ಬಿದ್ದಿತು. ಸುಮಾರು ಎರಡು ತಿಂಗಳು ಆಸ್ಪತ್ರೆಯಲ್ಲಿದ್ದು ಮರುಹುಟ್ಟು ಪಡೆದವನಂತೆ ಹೊರಬಂದು, ಅದೇ ಆಸ್ಪತ್ರೆಯಲ್ಲಿ ರಸಾಯನ ಪರೀಕ್ಷಕನಾಗಿ ಕೆಲಸ ಹಿಡಿದನು.

ಇಲ್ಲಿ ಆ ಮದ್ದಿನ ಪೂರ್ವಚರಿತ್ರೆಯನ್ನು ಸ್ವಲ್ಪ ಹೇಳಬೇಕು. 1921ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬವರು ಮೆಕ್ಲೌಡ್ ಎಂಬ ಪ್ರಾಧ್ಯಾಪಕನ ಪ್ರಯೋಗಶಾಲೆಯಲ್ಲಿ ಗ್ರಂಥಿಯ ರಸವನ್ನು ತೆಗೆಯುವ ಪ್ರಯತ್ನ ನಡೆಸಿದರು. 1922ರ ಜನವರಿ 11ರಂದು ಲೆನಾರ್ಡ್ ಥಾಂಪ್ಸನ್ ಎಂಬ ಹದಿನಾಲ್ಕು ವರ್ಷದ ಹುಡುಗನಿಗೆ ಆ ರಸವನ್ನು ಮೊದಲ ಬಾರಿ ಚುಚ್ಚಲಾಯಿತು. ಫಲ ಅಲ್ಪ, ಮೇಲಾಗಿ ಚುಚ್ಚಿದ ಕಡೆ ಬಾವು ಎದ್ದಿತು. ಆದುದರಿಂದ ಅದನ್ನು ನಿಲ್ಲಿಸಬೇಕಾಯಿತು. ಕಾಲಿಪ್ ಎಂಬ ರಸಾಯನಶಾಸ್ತ್ರಜ್ಞನು ಹಗಲಿರುಳು ದುಡಿದು ರಸವನ್ನು ಶುದ್ಧಿ ಮಾಡಿಕೊಟ್ಟ ಮೇಲೆ ಜನವರಿ 23ರಿಂದ ಮತ್ತೆ ಕೊಡಲು ಹುಡುಗನು ಚೇತರಿಸಿಕೊಂಡನು. ಎಂದರೆ, ಈ ಸಂಜೀವಿನಿಯ ಮೊದಲ ದಿನದ ವರದಿಯಲ್ಲಿಯೇ ಅದರ ಅಡ್ಡ ಪರಿಣಾಮವೂ ಸೇರಿದ್ದಿತು. ಆ ಬಾವನ್ನು ಕ್ಷುಲ್ಲಕವೆಂದು ಬದಿಗೊತ್ತಿದ್ದರೆ ಶುದ್ಧಿಯ ಕೆಲಸಕ್ಕೆ ಆ ತ್ವರೆ ಬರುತ್ತಿರಲಿಲ್ಲ.

ಬಾವಿಗಿಂತ ದೊಡ್ಡ ಅಪಾಯ ಬೇರೊಂದಿತ್ತು. ಮದ್ದು ಹೆಚ್ಚಾದಾಗ ಪ್ರಯೋಗದ ಮೊಲಗಳು ಒದ್ದಾಡಿ ಸೆಟೆದು ಬೀಳುತ್ತಿದ್ದವು. ಸಕ್ಕರೆಯ ನೀರನ್ನು ಚುಚ್ಚಿದರೆ ಎದ್ದು ಓಡುತ್ತಿದ್ದವು. ರಕ್ತದ ಸಕ್ಕರೆ ಇರಬೇಕಾದ ಮಟ್ಟಕ್ಕಿಂತ ಕೆಳಗಿಳಿದುದೇ ಅದಕ್ಕೆ ಕಾರಣ. ಮನುಷ್ಯರಲ್ಲಿಯೂ ಹಾಗೆಯೇ ಆಗುವುದೆಂದು, ಅದರ ಲಕ್ಷಣಗಳು ಇಂಥವೆಂದು, ಟೊರಾಂಟೊ ಆಸ್ಪತ್ರೆಯ ಫ್ಲೆಚರ್ ಮತ್ತು ಕ್ಯಾಂಪ್‌ಬೆಲ್ ಎಂಬ ವೈದ್ಯರು 1922ರಲ್ಲಿಯೇ ಬರೆದು ಪ್ರಕಟಿಸಿದರು. ಅದಕ್ಕೆ ಹೈಪೊಗ್ಲೈಸೀಮಿಯ ಎಂದು ಹೆಸರು. ನಮ್ಮ ಮಾತಿನಲ್ಲಿ ಸಕ್ಕರೆ ಇಳಿತವೆನ್ನಬಹುದು.

ಇದು ಏಕೆ ಆಗುತ್ತದೆಂಬುದನ್ನು ಒಂದು ಉಪಮಾನದಿಂದ ತಿಳಿಯಬಹುದು. ಕೆರೆಯ ತೂಬಿನ ಬಳಿ ನೀರಗಂಟಿಯೊಬ್ಬನು ಕುಳಿತು, ಗದ್ದೆಗೆ ಬೇಕಾದಾಗ ತೂಬನ್ನು ಎತ್ತುತ್ತಾನೆ, ಸಾಕಾದಾಗ ಇಳಿಸುತ್ತಾನೆ. ಆರೋಗ್ಯವಂತನ ಗ್ರಂಥಿಯು ಈ ನೀರಗಂಟಿಯಂತೆ. ಉಂಡಾಗ ಇನ್ಸುಲಿನ್ನನ್ನು ಹೆಚ್ಚು ಬಿಡುತ್ತದೆ, ಹಸಿದಾಗ ಬಿಗಿಹಿಡಿಯುತ್ತದೆ. ಸೂಜಿಯಿಂದ ಮೈಯೊಳಗೆ ಹೋದ ಇನ್ಸುಲಿನ್ನಿಗಾದರೋ ನೀರಗಂಟಿಯಿಲ್ಲ. ಒಮ್ಮೆ ಬಿಟ್ಟ ಮೇಲೆ ಅದು ತನ್ನ ಕೆಲಸವನ್ನು ಮಾಡಿಯೇ ತೀರುತ್ತದೆ. ರೋಗಿ ಉಂಡಿದ್ದಾನೆಯೆ, ಮಲಗಿದ್ದಾನೆಯೆ, ಹೊಲದಲ್ಲಿ ದುಡಿಯುತ್ತಿದ್ದಾನೆಯೆ ಎಂದು ಕೇಳುವುದಿಲ್ಲ. ಆದುದರಿಂದ ಆ ನೀರಗಂಟಿಯ ಕೆಲಸವನ್ನು ರೋಗಿಯೇ ಕಲಿಯಬೇಕು. ಲಾರೆನ್ಸನು ಬದುಕಿನುದ್ದಕ್ಕೂ ಬೋಧಿಸಿದ ತತ್ತ್ವ ಇದೇ.

ಈ ಬೋಧನೆಗಾಗಿ ಅವನು 1925ರಲ್ಲಿ ‘ದಿ ಡಯಾಬೆಟಿಕ್ ಲೈಫ್’ ಎಂಬ ಗ್ರಂಥವನ್ನು ಬರೆದನು. ವೈದ್ಯರಿಗೂ ರೋಗಿಗಳಿಗೂ ಸಮಾನವಾಗಿ ಉಪಯೋಗವಾಗುವಂತೆ ಬರೆದ ಆ ಪುಸ್ತಕ ಹಲವಾರು ಮುದ್ರಣಗಳನ್ನು ಕಂಡಿತು. 1929ರಲ್ಲಿ ಇನ್ನೂ ಸುಲಭವಾದ ‘ದಿ ಡಯಾಬೆಟಿಕ್ ಎ ಬಿ ಸಿ’ ಹೊರಬಂದಿತು. ಸಾಹಿತ್ಯದ ಎಂ. ಎ. ಪದವಿ ಇಲ್ಲಿ ವ್ಯರ್ಥವಾಗಲಿಲ್ಲ. ಕ್ಲಿಷ್ಟ ವಿಷಯವನ್ನು ತಿಳಿಯಾಗಿ ಹೇಳುವ ಕಲೆ ಅವನಿಗೆ ಸಿದ್ಧಿಸಿತ್ತು. ಆಹಾರದಲ್ಲಿ ಹತ್ತು ಗ್ರಾಮ್ ಪಿಷ್ಟ ಸಕ್ಕರೆಗಳಿರುವ ತುತ್ತನ್ನು ಕಪ್ಪು ಪಾಲೆಂದೂ, ಮಾಂಸ ಕೊಬ್ಬುಗಳ ತುತ್ತನ್ನು ಕೆಂಪು ಪಾಲೆಂದೂ ಕರೆದು, ಗಣಿತ ಬಾರದವನೂ ತನ್ನ ಊಟವನ್ನು ಲೆಕ್ಕ ಹಾಕುವಂತೆ ಮಾಡಿದನು. ಯಾವ ಕಾಯಿಯಲ್ಲಿ ಎಷ್ಟು ಪಿಷ್ಟ ಸಕ್ಕರೆಗಳಿವೆ ಎಂಬ ಖಚಿತವಾದ ಪಟ್ಟಿಯೇ ಆಗ ಸಾಲದಾಗಿದ್ದಿತು. ಮೆಕಾನ್ಸ್ ಎಂಬ ವಿಜ್ಞಾನಿಯೊಡನೆ ಸೇರಿ ಹಣ್ಣು ತರಕಾರಿಗಳನ್ನು ಪರೀಕ್ಷಿಸಿ 1929ರಲ್ಲಿ ಅದನ್ನೂ ಪ್ರಕಟಿಸಿದನು.

ರೋಗಿಗಳಿಗೆ ಅವನು ಕಲಿಸುತ್ತಿದ್ದುದರಲ್ಲಿ ಮುಖ್ಯವಾದ ಪಾಠವೆಂದರೆ ಸಕ್ಕರೆ ಇಳಿತದ ಗುರುತು. ಮೊದಲು ಹಣೆಯ ಮೇಲೆ ತಣ್ಣನೆಯ ಬೆವರು, ಕೈನಡುಕ, ಎದೆಬಡಿತ, ತಡೆಯಲಾಗದ ಹಸಿವು. ಆಗಲೇ ಸಕ್ಕರೆಯ ಹರಳನ್ನು ಬಾಯಿಗೆ ಹಾಕಿಕೊಂಡರೆ ಕೆಲವು ನಿಮಿಷಗಳಲ್ಲಿ ಎಲ್ಲವೂ ಸರಿಹೋಗುತ್ತದೆ. ಅಲಕ್ಷ್ಯ ಮಾಡಿದರೆ ಮೆದುಳಿಗೆ ಸಕ್ಕರೆ ಸಾಲದೆ ಬುದ್ಧಿ ಮಂಕಾಗುತ್ತದೆ. ಮಾತು ತೊದಲುತ್ತದೆ, ಹೆಜ್ಜೆ ತಪ್ಪುತ್ತದೆ, ಸಾಧುವಾದವನೂ ರೇಗಾಡುತ್ತಾನೆ. ಕಂಡವರು ಕುಡಿದಿದ್ದಾನೆಂದು ತಿಳಿದು ದೂರ ಸರಿಯುವುದುಂಟು. ಅದಕ್ಕೂ ಮೀರಿದರೆ ಮೂರ್ಛೆ, ಸೆಟೆತ, ಕೆಲವೊಮ್ಮೆ ಮರಣ. ಇನ್ಸುಲಿನ್ ಚುಚ್ಚಿಕೊಳ್ಳುವವನ ಜೇಬಿನಲ್ಲಿ ಸಕ್ಕರೆ ಇಲ್ಲದಿರುವುದು, ಕಗ್ಗತ್ತಲಲ್ಲಿ ಕೈದೀಪವಿಲ್ಲದೆ ಹೊರಟಂತೆ.

ಲಾರೆನ್ಸನ ಕಾಲದಲ್ಲಿ ರೋಗಿಯು ಮನೆಯಲ್ಲಿ ತನ್ನ ರಕ್ತವನ್ನು ಪರೀಕ್ಷಿಸಿಕೊಳ್ಳುವ ಸಾಧನವಿರಲಿಲ್ಲ. ನೀಲಿಯ ಬೆನೆಡಿಕ್ಟ್ ದ್ರಾವಣಕ್ಕೆ ಮೂತ್ರದ ಹನಿಗಳನ್ನು ಬೆರೆಸಿ ಕಾಯಿಸಿದರೆ ಸಕ್ಕರೆಯಿದ್ದಷ್ಟಕ್ಕೂ ಹಸಿರು, ಹಳದಿ, ಇಟ್ಟಿಗೆಗೆಂಪು ಬಣ್ಣಗಳು ಬರುತ್ತಿದ್ದವು. ಸಕ್ಕರೆ ಹೆಚ್ಚಿದ್ದುದನ್ನು ಆ ಬಣ್ಣ ತಿಳಿಸುತ್ತಿತ್ತೇ ಹೊರತು, ಕಡಮೆಯಾದುದನ್ನು ತಿಳಿಸಲು ಅದಕ್ಕೆ ಶಕ್ತಿಯಿರಲಿಲ್ಲ. ಕಡಮೆಯಾದುದನ್ನು ತಿಳಿಸುತ್ತಿದ್ದುದು ರೋಗಿಯ ಅನುಭವವೊಂದೇ. ಹಾಗಾಗಿ ರೋಗಿಯ ಮಾತನ್ನು ಕಿವಿಗೊಟ್ಟು ಕೇಳದ ವೈದ್ಯನಿಗೆ ಈ ಚಿಕಿತ್ಸೆಯೇ ಸಾಧ್ಯವಿರಲಿಲ್ಲ. ಲಾರೆನ್ಸನು ಕೇಳಬಲ್ಲವನಾಗಿದ್ದನು, ಏಕೆಂದರೆ ಆ ಬೆವರು, ಆ ನಡುಕ ಅವನ ಮೈಗೂ ಪರಿಚಿತವಾಗಿದ್ದವು.

1926ರಲ್ಲಿ ಅವನು ಪ್ರಕಟಿಸಿದ ಲೇಖನವೊಂದು ಈ ಬಗೆಯ ಅವಲೋಕನಕ್ಕೆ ಉತ್ತಮ ನಿದರ್ಶನ. ಅದೇ ಊಟ, ಅಷ್ಟೇ ಮದ್ದು ಇದ್ದರೂ ದೇಹಶ್ರಮ ಮಾಡಿದಾಗ ಇನ್ಸುಲಿನ್ನಿನ ಪ್ರಭಾವ ಹೆಚ್ಚಾಗಿ ರಕ್ತದ ಸಕ್ಕರೆ ಬೇಗನೆ ಇಳಿಯುತ್ತದೆಂದು ಅದರಲ್ಲಿ ತೋರಿಸಿದನು. ಆಟವಾಡಿದ ಹುಡುಗ, ಗುದ್ದಲಿ ಹಿಡಿದ ಆಳು ಇದ್ದಕ್ಕಿದ್ದಂತೆ ಕುಸಿಯುವುದಕ್ಕೆ ಕಾರಣ ದೊರೆಯಿತು. ಆಟಕ್ಕೆ ಮೊದಲು ಒಂದಿಷ್ಟು ಹೆಚ್ಚು ತಿನ್ನಬೇಕು, ಇಲ್ಲವೆ ಮದ್ದನ್ನು ಇಳಿಸಬೇಕು ಎಂಬ ಪರಿಹಾರವೂ ದೊರೆಯಿತು.

1936ರಲ್ಲಿ ಡೆನ್ಮಾರ್ಕಿನ ಹಾಗೆಡಾರ್ನ್ ಎಂಬವನು ಪ್ರೋಟಮಿನ್ ಸೇರಿಸಿದ ಇನ್ಸುಲಿನ್ನನ್ನು ಬಳಕೆಗೆ ತಂದನು. ಇದು ಮೆಲ್ಲಗೆ ಕರಗಿ ಹೆಚ್ಚು ಹೊತ್ತು ಕೆಲಸಮಾಡುತ್ತದೆ; ದಿನಕ್ಕೆ ಹಲವು ಬಾರಿ ಚುಚ್ಚಿಕೊಳ್ಳುವ ಕಷ್ಟ ತಪ್ಪುತ್ತದೆ. ಎಲ್ಲರೂ ಹಿಗ್ಗಿದರು. ಲಾರೆನ್ಸನೂ ಅದನ್ನು ಪರೀಕ್ಷಿಸಿ ಬರೆದನು. ಆದರೆ ಇಂಥ ನಿಧಾನದ ಮದ್ದಿಗೆ ತಕ್ಕಂತೆ ಅಪಾಯವೂ ನಿಧಾನವಾಗಿ ಬರುತ್ತದೆ. ಇರುಳಿನಲ್ಲಿ, ನಿದ್ದೆಯಲ್ಲಿ, ಬೆವರಿನ ಎಚ್ಚರಿಕೆಯಿಲ್ಲದೆ ಸಕ್ಕರೆ ಇಳಿಯಬಹುದು. ಬೆಳಗ್ಗೆ ತಲೆನೋವು, ಮಂಪರು ಮಾತ್ರ ಉಳಿಯಬಹುದು.

ಲಾರೆನ್ಸನ ಬರಹಗಳಲ್ಲಿ ಈ ಲೇಖಕನಿಗೆ ಎಲ್ಲಕ್ಕಿಂತ ಹಿರಿದಾಗಿ ತೋರುವುದು 1941ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಒಂದು ಲೇಖನ. ಆಗ ಅವನು ಇನ್ಸುಲಿನ್ ಹಿಡಿದು ಹದಿನೆಂಟು ವರ್ಷಗಳಾಗಿದ್ದವು. ಸಾವಿರಾರು ರೋಗಿಗಳನ್ನು ನೋಡಿದ್ದನು. ಇನ್ಸುಲಿನ್ನಿನ ಮೇಲೆ ಐದು ಹತ್ತು ವರ್ಷ ಕಳೆದವರಲ್ಲಿ ಸಕ್ಕರೆ ಇಳಿತದ ಸ್ವರೂಪವೇ ಬದಲಾಗುತ್ತದೆಂದು ಅವನು ಅದರಲ್ಲಿ ವರದಿ ಮಾಡಿದನು. ಮೊದಮೊದಲು ಕಾವಲುಗಾರರಂತೆ ಬಂದು ಬಾಗಿಲು ಬಡಿಯುತ್ತಿದ್ದ ಬೆವರು, ನಡುಕ, ಎದೆಬಡಿತಗಳು ಕಾಲಕ್ರಮದಲ್ಲಿ ಕಾಣೆಯಾಗುತ್ತವೆ. ರೋಗಿಗೆ ಯಾವ ಮುನ್ಸೂಚನೆಯೂ ಇಲ್ಲದೆ ನೇರವಾಗಿ ಬುದ್ಧಿಭ್ರಮೆ, ಮೂರ್ಛೆಗಳು ಬರುತ್ತವೆ. ಇದು ಅಲ್ಲೊಬ್ಬರಿಗೆ ಇಲ್ಲೊಬ್ಬರಿಗೆ ಆಗುವ ಮಾತಲ್ಲ, ಹೆಚ್ಚುಕಡಮೆ ನಿಯಮವೇ ಎಂದು ಅವನು ಕಂಡುಕೊಂಡನು.

ಈ ವರದಿಯ ಬೆಲೆಯನ್ನು ತಿಳಿಯಬೇಕಾದರೆ ಅವನ ಸ್ಥಾನದಲ್ಲಿ ನಿಂತು ನೋಡಬೇಕು. ಇನ್ಸುಲಿನ್ ಅವನಿಗೆ ಪ್ರಾಣದಾತೃ. ಅದರ ಪ್ರಚಾರಕರಲ್ಲಿ ಅವನೇ ಅಗ್ರಗಣ್ಯ. ತನ್ನ ಪ್ರಾಣ ಉಳಿಸಿದ ಮದ್ದಿನ ಮೇಲೆ ದೋಷ ಹೇಳುವುದು ಕೃತಘ್ನತೆಯೆಂದು ಬೇರೆಯವನು ಸುಮ್ಮನಿದ್ದುಬಿಡಬಹುದಾಗಿತ್ತು. ರೋಗಿಗಳು ಹೆದರಿ ಮದ್ದನ್ನೇ ಬಿಟ್ಟಾರೆಂಬ ನೆಪವೂ ಸುಲಭವಾಗಿ ಸಿಗುತ್ತಿತ್ತು. ಆದರೆ ಅಪಾಯವನ್ನು ಬಚ್ಚಿಟ್ಟರೆ ಅದು ಇಲ್ಲವಾಗುವುದಿಲ್ಲ, ಎಚ್ಚರಿಕೆಯಿಲ್ಲದವನ ಮೇಲೆ ಎರಗುತ್ತದೆ. ಮೋಟಾರು ನಡೆಸುವವನಿಗೆ, ಎತ್ತರದಲ್ಲಿ ನಿಂತು ಕೆಲಸ ಮಾಡುವವನಿಗೆ ಈ ತಿಳಿವಳಿಕೆ ಪ್ರಾಣಕ್ಕೆ ಸಮಾನ. ಮುಂದೆ ನಡೆದ ಸಂಶೋಧನೆಗಳು ಅವನ ಮಾತನ್ನು ಸಮರ್ಥಿಸಿ ಇನ್ನಷ್ಟು ವಿವರಿಸಿವೆ. ಸಕ್ಕರೆ ಪದೇಪದೇ ಇಳಿಯುತ್ತಿದ್ದರೆ ದೇಹವು ಆ ಇಳಿತಕ್ಕೇ ಒಗ್ಗಿಹೋಗಿ ಕೂಗುವುದನ್ನು ಬಿಡುತ್ತದೆ. ಕೆಲವು ವಾರಗಳ ಕಾಲ ಇಳಿತವಾಗದಂತೆ ನೋಡಿಕೊಂಡರೆ ಅನೇಕರಲ್ಲಿ ಆ ಕೂಗು ಮರಳುತ್ತದೆ. ಆದುದರಿಂದಲೇ ಈ ಸಂಗತಿಯನ್ನು ರೋಗಿಯು ವೈದ್ಯನಿಗೆ ಹೇಳುವುದು ಅಷ್ಟು ಅಗತ್ಯ.

ಪುಸ್ತಕ, ಲೇಖನಗಳಿಂದಲೇ ಎಲ್ಲವೂ ಆಗದೆಂದು ಲಾರೆನ್ಸನು ಬಲ್ಲವನಾಗಿದ್ದನು. ಪ್ರಸಿದ್ಧ ಕಾದಂಬರಿಕಾರ ಎಚ್. ಜಿ. ವೆಲ್ಸ್ ಮಧುಮೇಹದ ರೋಗಿಯಾಗಿ ಅವನ ಬಳಿ ಬರುತ್ತಿದ್ದನು. ಇಬ್ಬರೂ ಸೇರಿ 1934ರಲ್ಲಿ ಮಧುಮೇಹಿಗಳ ಸಂಘವನ್ನು ಸ್ಥಾಪಿಸಿದರು. ವೈದ್ಯರೂ ರೋಗಿಗಳೂ, ಬಡವರೂ ಬಲ್ಲಿದರೂ ಒಂದೇ ಸಾಲಿನಲ್ಲಿ ಕುಳಿತು ಮಾತನಾಡುವ ಇಂಥ ಸಂಘ ಆಗ ಹೊಸದು. ಮಾರನೆಯ ವರ್ಷ ಸಂಘದ ಪತ್ರಿಕೆ ಹೊರಟಿತು. ಎಳೆಯ ರೋಗಿಗಳಿಗಾಗಿ ರಜಾ ಶಿಬಿರಗಳು ನಡೆದವು. ಈ ಸಂಘವೇ ಇಂದು ‘ಡಯಾಬಿಟೀಸ್ ಯು. ಕೆ.’ ಎಂಬ ಹೆಸರಿನಿಂದ ನಡೆಯುತ್ತಿದೆ. 1950ರಲ್ಲಿ ನಾನಾ ದೇಶಗಳ ಸಂಘಗಳು ಕೂಡಿ ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟ ರಚಿತವಾದಾಗ ಲಾರೆನ್ಸನೇ ಅದರ ಮೊದಲ ಅಧ್ಯಕ್ಷನಾದನು.

ಸಂಸಾರ ಸುಖವೂ ಅವನಿಗೆ ದೊರೆಯಿತು. 1928ರಲ್ಲಿ ಮದುವೆಯಾಗಿ ಮೂವರು ಗಂಡುಮಕ್ಕಳ ತಂದೆಯಾದನು. ಒಂದು ಕಾಲಕ್ಕೆ ಸಾಯಲೆಂದು ಪರದೇಶಕ್ಕೆ ಹೋದವನು ತನ್ನ ಮಕ್ಕಳು ಬೆಳೆದು ದೊಡ್ಡವರಾದುದನ್ನು ಕಣ್ಣಾರೆ ಕಂಡನು. 1958ರಲ್ಲಿ ಪಾರ್ಶ್ವವಾಯು ಬಡಿದರೂ ಅವನ ಉತ್ಸಾಹ ಕುಂದಲಿಲ್ಲ. 1964ರಲ್ಲಿ, ಇನ್ಸುಲಿನ್ನಿನ ತವರಾದ ಟೊರಾಂಟೊ ವಿಶ್ವವಿದ್ಯಾಲಯವು ಅವನಿಗೆ ಗೌರವ ಡಾಕ್ಟರೇಟನ್ನು ಕೊಟ್ಟು ಮನ್ನಿಸಿತು. 1968ನೆಯ ಇಸವಿ ಆಗಸ್ಟ್ 27ರಂದು, ತನ್ನ ಎಪ್ಪತ್ತೈದನೆಯ ವಯಸ್ಸಿನಲ್ಲಿ, ಲಂಡನ್ನಿನಲ್ಲಿ ತೀರಿಕೊಂಡನು. ಮೊದಲ ಚುಚ್ಚುಮದ್ದಿನಿಂದ ಅಲ್ಲಿಗೆ ನಲವತ್ತೈದು ವರ್ಷಗಳು ಸಂದಿದ್ದವು. ಮಧುಮೇಹದೊಡನೆ ಅರವತ್ತು ವರ್ಷ ಬಾಳಿದವರಿಗೆ ಅವನ ಸಂಘವು ಈಗ ಕೊಡುವ ಪದಕಕ್ಕೆ ಲಾರೆನ್ಸ್ ಪದಕವೆಂದೇ ಹೆಸರು.

ಅವನ ನಂತರವೂ ಮದ್ದು ಬದಲಾಯಿತು. ಮೊದಲು ದನ, ಹಂದಿಗಳ ಗ್ರಂಥಿಯಿಂದ ತೆಗೆಯುತ್ತಿದ್ದ ಇನ್ಸುಲಿನ್ನಿನಿಂದ ಕೆಲವರಿಗೆ ಚರ್ಮದಲ್ಲಿ ತುರಿಕೆ, ದದ್ದು ಏಳುತ್ತಿದ್ದವು. ಚುಚ್ಚಿದ ಕಡೆ ಕೊಬ್ಬು ಕರಗಿ ಗುಳಿ ಬೀಳುತ್ತಿತ್ತು. 1982ರಲ್ಲಿ ಸೂಕ್ಷ್ಮಜೀವಿಗಳಿಂದ ತಯಾರಿಸಿದ ಮಾನವ ಇನ್ಸುಲಿನ್ ಬಳಕೆಗೆ ಬಂದು ಈ ತೊಂದರೆಗಳು ಬಹಳ ಮಟ್ಟಿಗೆ ಇಳಿದವು. ಆದರೆ ಅದೇ ದಶಕದಲ್ಲಿ, ಹೊಸ ಇನ್ಸುಲಿನ್ನಿಗೆ ಬದಲಾದ ಮೇಲೆ ಇಳಿತದ ಮುನ್ಸೂಚನೆ ತಮಗೆ ತಿಳಿಯುತ್ತಿಲ್ಲವೆಂದು ಬ್ರಿಟನ್ನಿನ ಅನೇಕ ರೋಗಿಗಳು ಲಾರೆನ್ಸನು ಕಟ್ಟಿದ ಸಂಘಕ್ಕೆ ಕಾಗದ ಬರೆದರು. ಅದನ್ನು ಕುರಿತು ದೀರ್ಘವಾದ ವಾದವಿವಾದ ನಡೆಯಿತು. ಎಚ್ಚರಿಕೆಯಿಂದ ಮಾಡಿದ ಹೋಲಿಕೆಗಳಲ್ಲಿ ಎರಡು ಬಗೆಯ ಇನ್ಸುಲಿನ್ನಿಗೂ ಅಂಥ ಸ್ಪಷ್ಟ ವ್ಯತ್ಯಾಸವು ಒಟ್ಟಿನಲ್ಲಿ ಕಂಡುಬರಲಿಲ್ಲ. ಆದರೂ ಆ ಕಾಗದಗಳು ವ್ಯರ್ಥವೆನ್ನಲಾಗದು. ಮದ್ದನ್ನು ಬದಲಾಯಿಸುವಾಗ ಅಳತೆಯ ಮೇಲೂ ರೋಗಿಯ ಅನುಭವದ ಮೇಲೂ ಕಣ್ಣಿಡಬೇಕೆಂಬ ಪಾಠವನ್ನು ಅವು ವೈದ್ಯಲೋಕಕ್ಕೆ ಕಲಿಸಿದವು. ವರದಿ ಮಾಡುವವನು ತೀರ್ಪು ಕೊಡಬೇಕಾಗಿಲ್ಲ. ಕಂಡದ್ದನ್ನು ಕಂಡಂತೆ ಹೇಳಿದರೆ ಸಾಕು. ತೂಗಿ ನೋಡುವುದು ಬಲ್ಲವರ ಕೆಲಸ.

ಬ್ರಿಟನ್ನಿನಲ್ಲಿ ಮದ್ದುಗಳ ಕೆಡುಕನ್ನು ಸರ್ಕಾರಕ್ಕೆ ತಿಳಿಸುವ ಹಳದಿ ಕಾರ್ಡಿನ ವ್ಯವಸ್ಥೆ ಲಾರೆನ್ಸನು ಬದುಕಿದ್ದಾಗಲೇ, 1964ರಲ್ಲಿ, ಬಂದಿತು. ಥಾಲಿಡೊಮೈಡ್ ಎಂಬ ಮದ್ದಿನಿಂದ ಸಾವಿರಾರು ಶಿಶುಗಳು ಅಂಗಹೀನವಾಗಿ ಹುಟ್ಟಿದ ಘೋರ ಅನುಭವವೇ ಅದಕ್ಕೆ ಪ್ರೇರಣೆ. ನಮ್ಮ ದೇಶದಲ್ಲಿ ಇಂಥ ವರದಿಗಳನ್ನು ಸಂಗ್ರಹಿಸುವ ರಾಷ್ಟ್ರೀಯ ಯೋಜನೆ 2010ರಲ್ಲಿ ತೊಡಗಿತು. ಗಾಜಿಯಾಬಾದಿನಲ್ಲಿರುವ ಇಂಡಿಯನ್ ಫಾರ್ಮಕೋಪಿಯ ಕಮಿಷನ್ ಅದರ ಕೇಂದ್ರ. ವೈದ್ಯರು, ದಾದಿಯರು ಮಾತ್ರವಲ್ಲದೆ ರೋಗಿಗಳೂ ಮನೆಯವರೂ 1800-180-3024 ಎಂಬ ಉಚಿತ ದೂರವಾಣಿಯ ಮೂಲಕ ತಿಳಿಸಲು ಅಲ್ಲಿ ಅವಕಾಶವಿದೆ.

ನಮ್ಮಲ್ಲಿ ಅನೇಕರ ಮನೆಗಳಲ್ಲಿ ಅಜ್ಜನೋ ಅತ್ತೆಯೋ ತಂಗಿಯೋ ಇನ್ಸುಲಿನ್ ಚುಚ್ಚಿಕೊಳ್ಳುವವರಿದ್ದಾರೆ. ಓದುಬಲ್ಲ ನಾವು ಅವರ ಪಾಲಿಗೆ ಕೆಲವು ಸಂಗತಿಗಳನ್ನಾದರೂ ತಿಳಿದಿರಬೇಕು. ಭಾರತದಲ್ಲಿ ಮಿಲಿಲೀಟರಿಗೆ 40 ಯೂನಿಟ್ಟಿನ ಸೀಸೆಯೂ ಇದೆ, 100 ಯೂನಿಟ್ಟಿನದೂ ಇದೆ. 40ರ ಸಿರಿಂಜಿನಿಂದ 100ರ ಮದ್ದನ್ನು ಎಳೆದರೆ ಎರಡೂವರೆಯಷ್ಟು ಮದ್ದು ಮೈಗೆ ಹೋಗುತ್ತದೆ. ಸೀಸೆಗೆ ತಕ್ಕ ಸಿರಿಂಜು ಇದೆಯೇ ಎಂದು ನೋಡಿಕೊಡುವುದು ನಮ್ಮಿಂದಾಗುವ ಕೆಲಸ. ಒಂದೇ ಕಡೆ ಚುಚ್ಚುತ್ತಿದ್ದರೆ ಗಂಟು ಕಟ್ಟಿ ಮದ್ದು ಸರಿಯಾಗಿ ಏರದು, ಜಾಗ ಬದಲಿಸಬೇಕು. ರಕ್ತದ ಸಕ್ಕರೆ ಡೆಸಿಲೀಟರಿಗೆ 70 ಮಿಲಿಗ್ರಾಮಿಗಿಂತ ಇಳಿದರೆ ಸುಮಾರು 15 ಗ್ರಾಮ್ ಸಕ್ಕರೆ ಅಥವಾ ಗ್ಲೂಕೋಸನ್ನು ನೀರಿನಲ್ಲಿ ಕದಡಿ ಕುಡಿಸಿ, ಕಾಲು ಗಂಟೆಯ ಮೇಲೆ ಮತ್ತೆ ಪರೀಕ್ಷಿಸಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಕೂಡಲೇ ಆಸ್ಪತ್ರೆಗೆ ಸಾಗಿಸಬೇಕು. ಇಳಿತವಾಯಿತೆಂದು ಹೆದರಿ ಮದ್ದನ್ನು ತಾವಾಗಿಯೇ ನಿಲ್ಲಿಸಕೂಡದು. ಯಾವ ದಿನ, ಎಷ್ಟು ಹೊತ್ತಿಗೆ, ಏನು ಉಂಡ ಮೇಲೆ, ಎಷ್ಟು ಮದ್ದಿಗೆ ಹೀಗಾಯಿತೆಂದು ಬರೆದಿಟ್ಟು ವೈದ್ಯರಿಗೆ ತೋರಿಸಬೇಕು.

ಹಾಗೆ ಬರೆದ ಒಂದು ಚೀಟಿ ಅಲ್ಪವೆಂದು ಕಾಣಬಹುದು. ಲಾರೆನ್ಸನು ತನ್ನ ಮೈಯ ಮೇಲೂ ತನ್ನ ರೋಗಿಗಳ ಮೇಲೂ ಕಂಡದ್ದನ್ನು ಬರೆದಿಟ್ಟದ್ದೂ ಇಂಥವೇ ಚೀಟಿಗಳಲ್ಲಿ. ಅವುಗಳ ಬಲದಿಂದ ಅವನು ಸಾಯಬೇಕಾದ ವಯಸ್ಸಿನ ಆಚೆಗೆ ನಾಲ್ಕು ದಶಕಗಳನ್ನು ದಾಟಿದನು; ತಾನೊಬ್ಬನೇ ದಾಟದೆ ಅಸಂಖ್ಯಾತ ರೋಗಿಗಳಿಗೆ ಕೈಹಿಡಿದು ದಾರಿ ತೋರಿದನು. ಅವನ ಚರಿತ್ರೆಯನ್ನು ಓದಿದ ನಮ್ಮಲ್ಲಿ ಒಬ್ಬರಾದರೂ ಇಂದು ಸಂಜೆ ಮನೆಗೆ ಹೋಗಿ, ಚುಚ್ಚುಮದ್ದು ತೆಗೆದುಕೊಳ್ಳುವ ಹಿರಿಯರ ಪಕ್ಕದಲ್ಲಿ ಕುಳಿತು ಅವರ ಅನುಭವವನ್ನು ವಿಚಾರಿಸಿದರೆ, ಈ ಬರವಣಿಗೆ ಸಾರ್ಥಕವಾದೀತು.